ಹಿತ್ತಲಲ್ಲಿರಲಿ ನಾಲ್ಕು ಬುಡ ಲೋಳೆಸರ



ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕೊಟ್ಟಿಗೆಗೆ ಹೊಂದುವುದಿಲ್ಲ. ಕೆಚ್ಚಲು ಬಾವಿಗೆ ಆರೈಕೆ ತಡವಾದರೆ ಒಂದು ಮೊಲೆ ಶಾಶ್ವತವಾಗಿ ಬತ್ತಬಹುದು. ಅಂಥ ಹೊತ್ತಿಗೆ ಕೈಗೆಟುಕುವ ಗಿಡ ಲೋಳೆಸರ.

ಬೆಳೆಸುವುದು: ತಾಯಿಗಿಡದ ಬುಡದಲ್ಲಿ ಹುಟ್ಟುವ ಮರಿಗಳನ್ನು ಬೇರುಸಹಿತ ಕಿತ್ತು, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಒಂದೂವರೆ ಅಡಿಗೊಂದರಂತೆ ನೆಡಿ. ಸ್ವಲ್ಪ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಹೆಚ್ಚಾದರೆ ಬೇರು ಕೊಳೆಯುತ್ತದೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. ಹೊರಗಿನ ಬಲಿತ ಎಲೆ ಮೊದಲು ಕೊಯ್ಯಿರಿ, ನಡುವಿನ ಸುಳಿ ಮುಟ್ಟಬೇಡಿ.

ಬಳಸುವುದು: ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ತಿಳಿಸಿರುವ ವಿಧಾನದಂತೆ 250 ಗ್ರಾಂ ಎಲೆ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಸೇರಿಸಿ ಕೆಂಪಗಾಗುವಂತೆ ರುಬ್ಬಿ. ಹಾಲು ಪೂರ್ತಿ ಕರೆದು, ಕೆಚ್ಚಲು ತೊಳೆದು, ಒಂದು ಹಿಡಿ ಮುದ್ದೆಯನ್ನು ನೀರಿನಲ್ಲಿ ತೆಳುವಾಗಿ ಕದಡಿ ಇಡೀ ಕೆಚ್ಚಲಿಗೆ ಹಚ್ಚಿ. ದಿನಕ್ಕೆ 8ರಿಂದ 10 ಸಲದಂತೆ 5 ದಿನ ಹಚ್ಚಬೇಕು. ದಿನವೂ ಹೊಸದಾಗಿ ರುಬ್ಬಿಕೊಳ್ಳಿ. ಐದು ದಿನಕ್ಕೆ ಒಂದೂಕಾಲು ಕೆ.ಜಿ. ಎಲೆ ಬೇಕು, ಒಂದೇ ಬುಡ ಸಾಲದು, ನಾಲ್ಕಾದರೂ ಇರಲಿ.

ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಅಥವಾ ಕೀವು ಕಂಡರೆ ಬರೀ ಹಚ್ಚುತ್ತಾ ಕಾಯಬೇಡಿ. ಅಂದೇ ಪಶುವೈದ್ಯರನ್ನು ಕರೆಸಿ. ಬಾವಾದ ಮೊಲೆಯನ್ನು ಕೊನೆಗೆ, ಬೇರೆ ಪಾತ್ರೆಗೆ ಕರೆಯಿರಿ. ಆ ಹಾಲನ್ನು ಸಂಘಕ್ಕೆ ಹಾಕಬೇಡಿ, ಕರುವಿಗೆ ಕುಡಿಸಬೇಡಿ, ಕೊಟ್ಟಿಗೆಯ ನೆಲಕ್ಕೂ ಚೆಲ್ಲಬೇಡಿ.