ಮೇಣದಬತ್ತಿಯ ಪಾಠ: ಜ್ವಾಲೆಯ ವಲಯಗಳಿಂದ ಮನೆಯ ಟ್ರಂಕಿನವರೆಗೆ

ಬೋಧನಾಭ್ಯಾಸದ ಎರಡನೆಯ ವಾರ ಕಂಪ್ಲಿ ಹತ್ತಿರದ ಒಂದು ಶಾಲೆಯಲ್ಲಿ 8ನೆಯ ತರಗತಿಗೆ ‘ದಹನ ಮತ್ತು ಜ್ವಾಲೆ’ ಪಾಠ ಮಾಡಿದೆ. ಮೇಣದಬತ್ತಿ ಹಚ್ಚಿ ಜ್ವಾಲೆಯ ಮೂರು ವಲಯಗಳನ್ನು ತೋರಿಸಿದೆ, ಕಪ್ಪುಹಲಗೆಯ ಮೇಲೆ ಚಿತ್ರ ಬರೆದೆ. ಮೌಲ್ಯಮಾಪನ ಹಂತದಲ್ಲಿ ‘ಅತ್ಯಂತ ಬಿಸಿಯಾದ ವಲಯ ಯಾವುದು?’ ಎಂದಾಗ ಇಡೀ ತರಗತಿ ‘ಹೊರ ವಲಯ’ ಎಂದಿತು. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರೂ ಮೆಚ್ಚಿದರು.

ಗಂಟೆ ಹೊಡೆಯುವ ಮುಂಚೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ರಾತ್ರಿ ಕರೆಂಟ್ ಹೋದ್ರ ನಮ್ಮವ್ವ ಟ್ರಂಕಿನ ಮ್ಯಾಲೆ ಮೊಂಬತ್ತಿ ಅಂಟಿಸಿ ಇಡ್ತಾಳ. ಮ್ಯಾಲೆ ಹಗ್ಗದಾಗ ಅರಿವಿ ಇರ್ತಾವ. ಅದು ನಡೀತೈತೇನ್ರಿ?”

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇರಬೇಕಾಗಿತ್ತು. ನಾನು ಪಿಯುಸಿ ಓದುವಾಗ ಹೊಸಪೇಟೆಯ ನಮ್ಮ ಮನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು ಓದುತ್ತಾ ಹಾಗೇ ನಿದ್ದೆ ಹೋಗಿದ್ದೆ. ಬತ್ತಿ ವಾಲಿ ಚಾಪೆಗೆ ಬೆಂಕಿ ತಗುಲಿತು. ಪಕ್ಕದಲ್ಲಿ ಮಲಗಿದ್ದ ತಂಗಿಯ ಮೊಣಕೈ ಮೇಲೆ ಆ ಕಲೆ ಇಂದಿಗೂ ಇದೆ. ಅದನ್ನು ದಿನವೂ ನೋಡುವ ನಾನೇ ಪಾಠಯೋಜನೆ ಬರೆಯುವಾಗ ಮರೆತಿದ್ದೆ. ಆ ಹುಡುಗಿಗೆ ನಾಳೆ ಉತ್ತರ ಹೇಳುತ್ತೇನೆ ಎಂದೆ. ಮರುದಿನ ಹೇಳಿದ್ದನ್ನು, ಇದೇ ಪಾಠ ಮಾಡಲಿರುವ ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಉರಿಯುವುದು ಯಾವುದು?

ಮಕ್ಕಳನ್ನು ಕೇಳಿದರೆ ‘ದಾರ ಉರಿಯುತ್ತದೆ’ ಎನ್ನುತ್ತಾರೆ. ಮುಖ್ಯವಾಗಿ ಉರಿಯುವುದು ಮೇಣದ ಆವಿ. ಶಾಖಕ್ಕೆ ಮೇಣ ಕರಗುತ್ತದೆ, ಕರಗಿದ ಮೇಣ ಬತ್ತಿಯ ಎಳೆಗಳ ನಡುವೆ ಮೇಲೇರುತ್ತದೆ, ತುದಿಯಲ್ಲಿ ಆವಿಯಾಗಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಉರಿಯುತ್ತದೆ. ಬತ್ತಿ ಆರಿದ ಕೂಡಲೇ ಏಳುವ ಬಿಳಿ ಹೊಗೆಗೆ ಉರಿಯುವ ಕಡ್ಡಿ ಹಿಡಿದರೆ ಜ್ವಾಲೆ ಹೊಗೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಈ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಕಮ್ಮಾರನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ 1860-61ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಒಂದು ಮೇಣದಬತ್ತಿಯನ್ನೇ ಇಟ್ಟುಕೊಂಡು ಎಳೆಯರಿಗೆ ಆರು ಉಪನ್ಯಾಸ ಕೊಟ್ಟರು. ಬೋಧನೋಪಕರಣ ದುಬಾರಿಯಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೇಲಿನ ಅರಿವೆಯ ಪ್ರಶ್ನೆ

ಜ್ವಾಲೆಯ ಪಕ್ಕಕ್ಕೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದರೆ ಹೆಚ್ಚು ಬಿಸಿ ಗೊತ್ತಾಗುವುದಿಲ್ಲ. ಅಷ್ಟೇ ದೂರ ಮೇಲೆ ಹಿಡಿದರೆ ಕೂಡಲೇ ಕೈ ತೆಗೆಯಬೇಕಾಗುತ್ತದೆ. ಬಿಸಿ ಗಾಳಿ ಹಗುರವಾಗಿ ಮೇಲೇರುತ್ತದೆ, ಶಾಖದ ಬಹುಪಾಲು ಸಂವಹನದಿಂದ ಮೇಲಕ್ಕೇ ಹೋಗುತ್ತದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ನಡೆಯುವುದಿಲ್ಲ. ಪಕ್ಕದ ಬಟ್ಟೆಗಿಂತ ಮೇಲೆ ತೂಗುವ ಬಟ್ಟೆಗೇ ಅಪಾಯ ಹೆಚ್ಚು. ಜ್ವಾಲೆಯ ಸುತ್ತ ಕನಿಷ್ಠ ಒಂದು ಅಡಿ, ಮೇಲೆ ಕನಿಷ್ಠ ಮೂರು ಅಡಿ ಖಾಲಿ ಇರಬೇಕು. ಸೊಳ್ಳೆ ಪರದೆ, ಕ್ಯಾಲೆಂಡರ್, ಪುಸ್ತಕದ ಗೂಡು, ಕಿಟಕಿಯ ಪರದೆ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಗರಿ ಅಥವಾ ಹುಲ್ಲಿನ ಚಾವಣಿಯ ಮನೆಯಲ್ಲಿ, ಮೇವಿನ ಬಣವೆಯ ಹತ್ತಿರ ಮೇಣದಬತ್ತಿ ಬೇಡವೇ ಬೇಡ. ಅಲ್ಲಿ ಟಾರ್ಚ್ ಇರಲಿ.

ಟ್ರಂಕಿಗೆ ಅಂಟಿಸಿದ ಬತ್ತಿ ಕೊನೆಗೆ ಬಂದಾಗ ಮೇಣವೆಲ್ಲ ಕರಗಿ ಹರಡುತ್ತದೆ, ಬತ್ತಿ ವಾಲುತ್ತದೆ. ಪ್ಲಾಸ್ಟಿಕ್ ಡಬ್ಬಿ, ಬಕೆಟ್, ಟಿವಿಯ ಮೇಲೆ ಇಟ್ಟರೆ ಅವೇ ಕರಗಿ ಹೊತ್ತಿಕೊಳ್ಳುತ್ತವೆ. ಗಾಜಿನ ಲೋಟ ಬಿಸಿಗೆ ಸೀಳಬಹುದು. ನಮ್ಮ ಕಡೆ ಸುಲಭವಾಗಿ ಆಗುವ ಉಪಾಯ ಎಂದರೆ ಅಂಚಿರುವ ಸ್ಟೀಲ್ ಬಟ್ಟಲಿಗೆ ಒಣ ಉಸುಕು ತುಂಬಿ ಬತ್ತಿಯ ಬುಡವನ್ನು ಅದರಲ್ಲಿ ಹೂಳುವುದು. ಬತ್ತಿ ವಾಲುವುದಿಲ್ಲ, ಹರಿದ ಮೇಣ ಉಸುಕಿನಲ್ಲೇ ನಿಲ್ಲುತ್ತದೆ. ಆದರೂ ಎರಡು ಅಂಗುಲ ಉಳಿದಾಗ ಆರಿಸಿಬಿಡಬೇಕು. ಬಟ್ಟಲನ್ನು ಮಕ್ಕಳ, ಬೆಕ್ಕಿನ ಕೈಕಾಲಿಗೆ ಸಿಗದ ಸಮತಟ್ಟಾದ ಜಾಗದಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಎಚ್ಚರವಿಲ್ಲದ ಕೋಣೆಯಲ್ಲಿ ಮೇಣದಬತ್ತಿ ಉರಿಯಬಾರದು. ಇದನ್ನು ನಾನು ತಂಗಿಯ ಮೊಣಕೈ ನೋಡಿ ಹೇಳುತ್ತಿದ್ದೇನೆ.

ಬತ್ತಿಯ ಆರೈಕೆ

ಬತ್ತಿ ಉದ್ದವಾದಷ್ಟೂ ಜ್ವಾಲೆ ದೊಡ್ಡದಾಗುತ್ತದೆ, ಆವಿ ಪೂರ್ತಿ ಉರಿಯದೆ ಮಸಿ ಏಳುತ್ತದೆ. ಪ್ರತಿ ಸಲ ಹಚ್ಚುವ ಮುಂಚೆ ತಣ್ಣಗಿರುವ ಬತ್ತಿಯನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಬೇಕು. ಕರಿ ಚೂರುಗಳು ಮೇಣದೊಳಗೆ ಬೀಳದಂತೆ ನೋಡಿಕೊಳ್ಳಬೇಕು. ಆಷಾಢದ ಗಾಳಿಗೆ ಕಿಟಕಿಯ ಎದುರು ಇಟ್ಟರೆ ಜ್ವಾಲೆ ಒಂದೇ ಕಡೆ ಬಾಗಿ ಮೇಣ ಆ ಕಡೆಯೇ ಸುರಿಯುತ್ತದೆ. ಗಾಳಿಯ ಹಾದಿಯಿಂದ ಬತ್ತಿ ದೂರವಿರಲಿ, ಆದರೆ ಕೋಣೆಗೆ ಗಾಳಿಯಾಡುತ್ತಿರಲಿ.

ಹೊಸಪೇಟೆ, ಸಂಡೂರು ಕಡೆಯ ಬೇಸಿಗೆ ಗೊತ್ತೇ ಇದೆ. ತಗಡಿನ ಚಾವಣಿಯ ಕೆಳಗೆ ನಿಲ್ಲಿಸಿಟ್ಟ ಮೇಣದಬತ್ತಿ ಮೆತ್ತಗಾಗಿ ಬಾಗುತ್ತದೆ. ಬಾಗಿದ್ದು ಹಚ್ಚಿದಾಗ ನೆಟ್ಟಗೆ ನಿಲ್ಲುವುದಿಲ್ಲ. ಹಾಗಾಗಿ ಕಾಗದದಲ್ಲಿ ಸುತ್ತಿ, ತಂಪಾದ ಕಡೆ, ಅಡ್ಡಲಾಗಿ ಮಲಗಿಸಿಡಬೇಕು. ಬೆಂಕಿಪೊಟ್ಟಣ ಬೇರೆ ಕಡೆ, ಎತ್ತರದಲ್ಲಿ ಇರಲಿ.

ಆರಿಸುವುದು ಮತ್ತು ಅವಘಡ

ದೀಪವನ್ನು ಬಾಯಿಂದ ಊದಬಾರದು ಎನ್ನುವ ಅಜ್ಜಿಯರ ಮಾತಿಗೆ ಇಲ್ಲಿ ವಿಜ್ಞಾನದ ಕಾರಣವೂ ಸಿಗುತ್ತದೆ: ಊದಿದರೆ ಬಿಸಿ ಮೇಣ ಸಿಡಿಯುತ್ತದೆ. ಲೋಹದ ಮುಚ್ಚಳ ಮುಚ್ಚಿದರೆ ಆಮ್ಲಜನಕ ಸಿಗದೆ ಆರುತ್ತದೆ. ಮೇಣಕ್ಕೇ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಬಿಸಿ ಮೇಣದೊಳಗೆ ಥಟ್ಟನೆ ಹಬೆಯಾಗಿ ಉರಿಯುವ ಮೇಣವನ್ನು ಎರಚುತ್ತದೆ. ಮುಚ್ಚಳ ಅಥವಾ ಉಸುಕೇ ಸರಿ.

ಮೈಮೇಲಿನ ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನಿಂತು, ನೆಲಕ್ಕೆ ಮಲಗಿ, ಹೊರಳಬೇಕು. ಪಕ್ಕದವರು ದಪ್ಪ ಕಂಬಳಿ ಸುತ್ತಬೇಕು. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಐಸ್, ಟೂತ್‌ಪೇಸ್ಟ್, ಇಂಕು, ಎಣ್ಣೆ ಬೇಡ. ತಂಗಿಗೆ ಆಗ ನಾವು ಹಚ್ಚಿದ್ದು ಟೂತ್‌ಪೇಸ್ಟ್. ಚರ್ಮಕ್ಕೆ ಅಂಟಿದ ಮೇಣ, ಬಟ್ಟೆಯನ್ನು ಕೀಳಬಾರದು. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101. ಈ ಸಂಖ್ಯೆಗಳನ್ನು ಮಕ್ಕಳು ಬಾಯಿಪಾಠ ಮಾಡಲಿ.

ಊರಿಗೆ ಹೊಂದಿಸಿದ ಚಟುವಟಿಕೆಗಳು

ಹಂಪಿಯ ವಿರೂಪಾಕ್ಷ ದೇವಾಲಯದ ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ಮಕ್ಕಳು ನೋಡಿರುತ್ತಾರೆ. ಅದನ್ನೇ ಸೂಜಿರಂಧ್ರ ಕ್ಯಾಮೆರಾದಲ್ಲಿ ಮೇಣದಬತ್ತಿಯ ಜ್ವಾಲೆಯಿಂದ ತೋರಿಸಬಹುದು. ಆದರೆ ರಟ್ಟಿನ ಪೆಟ್ಟಿಗೆ ಜ್ವಾಲೆಯಿಂದ ಒಂದು ಅಡಿಗಿಂತ ದೂರ ಇರಬೇಕು. ಆ ನಿಯಮ ಏಕೆ ಎಂದು ಮಕ್ಕಳಿಂದಲೇ ಹೇಳಿಸಿದರೆ ಬೆಳಕಿನ ಪಾಠದಲ್ಲೂ ಸುರಕ್ಷತೆಯ ಮಾತು ಬರುತ್ತದೆ.

ಸಂಡೂರು ತಾಲ್ಲೂಕಿನ ತಾಂಡಾಗಳ ಲಂಬಾಣಿ ಹುಡುಗಿಯರು ದೀಪಾವಳಿ ಅಮಾವಾಸ್ಯೆಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗುವ ‘ಮೇರಾ’ ಪದ್ಧತಿ ಇದೆ. ಅಲ್ಲಿ ಪಾಠ ಮಾಡುವವರು ಹಬ್ಬ ನಿಲ್ಲಿಸುವ ಮಾತಾಡಬಾರದು. ಇಳಿಬಿದ್ದ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳುವುದು, ಇಬ್ಬರ ನಡುವೆ ಅಂತರ ಇರುವುದು ಎಂಬಷ್ಟನ್ನು ಹೇಳಿದರೆ ಸಾಕು.

ಕೊನೆಯ ಮಾತು

ಮರುದಿನ ನಾನು ಗೃಹಪಾಠ ಬದಲಿಸಿದೆ. ಜ್ವಾಲೆಯ ಚಿತ್ರದ ಬದಲು ‘ನಿಮ್ಮ ಮನೆಯಲ್ಲಿ ದೀಪ ಇಡುವ ಜಾಗ’ದ ಚಿತ್ರ ಬರೆದು, ಸುತ್ತ ಒಂದು ಅಡಿ, ಮೇಲೆ ಮೂರು ಅಡಿಯೊಳಗೆ ಏನೇನಿದೆ ಎಂದು ಗುರುತಿಸಲು ಹೇಳಿದೆ. ಮನೆಯನ್ನು ಟೀಕಿಸುವಂತೆ ಕಾಣಬಾರದೆಂದು ಯಾರ ಚಿತ್ರವನ್ನೂ ತರಗತಿಯೆದುರು ಓದಲಿಲ್ಲ. ಹಿಂದಿನ ಸಾಲಿನ ಹುಡುಗಿ ಎರಡು ಚಿತ್ರ ತಂದಿದ್ದಳು. ಒಂದರಲ್ಲಿ ಟ್ರಂಕು, ಹಗ್ಗ, ಅರಿವೆ. ಇನ್ನೊಂದರಲ್ಲಿ ಬರಿಯ ಗೋಡೆಯ ಹತ್ತಿರ ಉಸುಕಿನ ಬಟ್ಟಲು. “ನಮ್ಮವ್ವ ಹಗ್ಗ ಬಿಚ್ಚ್ಯಾಳ್ರಿ ಮೇಡಂ” ಎಂದಳು.

ಪಾಠಯೋಜನೆಯ ಮೌಲ್ಯಮಾಪನದ ಅಂಕಣದಲ್ಲಿ ಈಗ ನಾನು ‘ಹೊರ ವಲಯ’ದ ಪ್ರಶ್ನೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಇಂದು ರಾತ್ರಿ ಕರೆಂಟ್ ಹೋದರೆ ಮೇಣದಬತ್ತಿ ಎಲ್ಲಿಡುತ್ತೀರಿ? ಏಕೆ?’