ಅದು ಹಿಪ್ಪುನೇರಳೆ ಗಿಡವಲ್ಲ!

ನಮ್ಮ ಕಡೆ ಹಿಪ್ಪುನೇರಳೆ ಕತ್ತರಿಸುವುದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಬೇತಮಂಗಲದ ಸುತ್ತ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದರೆ ಅದು ಸೈಕಲ್ ತುಳಿದಂತೆ ಬಂದುಬಿಡುತ್ತದೆ. ಹಣ್ಣಾದ ಹುಳು ಚಂದ್ರಿಕೆ ಸೇರಿದ ಮೇಲೆ ಗಿಡವನ್ನು ಬುಡದ ಹತ್ತಿರಕ್ಕೆ ಕತ್ತರಿಸಿ ನೀರು ಬಿಟ್ಟರೆ, ಸ್ವಲ್ಪ ದಿನಕ್ಕೆ ತೋಟ ಮತ್ತೆ ಹಸಿರು. ಈ ವಿದ್ಯೆಯನ್ನು ನಂಬಿಕೊಂಡೇ ಎರಡು ವರ್ಷದ ಹಿಂದೆ, ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ, ಮಚ್ಚು ಹಿಡಿದು ನಮ್ಮ ಅಂಗಳದ ಬಾಗೆ ಮರ ಹತ್ತಿದೆ.

ಬಾಗೆ ಎಂದರೆ ಸಂಸ್ಕೃತದ ಶಿರೀಷ. ಕಾಳಿದಾಸನ ಶಾಕುಂತಲದಲ್ಲಿ ಹೆಂಗಸರು ಕಿವಿಗೆ ಮುಡಿಯುವುದು ಇದೇ ಹೂವನ್ನು. ರೇಷ್ಮೆ ಎಳೆಗಳನ್ನು ಕುಚ್ಚು ಕಟ್ಟಿದಂತೆ ಇರುತ್ತದೆ. ಇದರ ಹತ್ತಿರದ ನೆಂಟ, ವಿದೇಶದ ತೋಟಗಳಲ್ಲಿ ಅಂದಕ್ಕೆ ಬೆಳೆಸುವ ಗುಲಾಬಿ ಬಣ್ಣದ ಹೂವಿನ ಮರಕ್ಕೆ ಪರ್ಷಿಯನ್ ಭಾಷೆಯಲ್ಲಿ ‘ರೇಷ್ಮೆ ಹೂ’ ಎಂದೇ ಹೆಸರು. ನಮ್ಮ ಅಪ್ಪನಿಗೆ ಮಾತ್ರ ಹೂವಿನ ಮೇಲೆ ಕಣ್ಣಿಲ್ಲ. ಚಳಿಗಾಲದಲ್ಲಿ ಎಲೆ ಉದುರಿ, ಒಣಗಿದ ಕಾಯಿಗಳು ರಾತ್ರಿಯೆಲ್ಲಾ ಗಲಗಲ ಅನ್ನುತ್ತವೆ. ಮೇಲಾಗಿ ಒಂದು ಕೊಂಬೆ ಕೊಟ್ಟಿಗೆಯ ಮೇಲೆ ಚಾಚಿತ್ತು. “ಕಡಿಸಿಬಿಡೋಣ” ಎಂದರು. ಅದು ತಾತ ನೆಟ್ಟ ಮರ. ಅಜ್ಜಿ ಏನೂ ಹೇಳಲಿಲ್ಲ, ಅಂದು ಊಟವನ್ನೂ ಮಾಡಲಿಲ್ಲ. “ಬೇಡಪ್ಪ, ನಾನೇ ಸರಿ ಮಾಡ್ತೀನಿ” ಎಂದೆ.

ಸರಿ ಮಾಡಿದ್ದು ಹೇಗೆಂದರೆ, ಮೇಲಿನ ಕೊಂಬೆಗಳನ್ನೆಲ್ಲಾ ಅರ್ಧಕ್ಕೆ ಕಡಿದು ಮೋಟು ಮಾಡಿದೆ. ಒಂದು ದಪ್ಪ ಕೊಂಬೆ ಮುಕ್ಕಾಲು ಕಡಿಯುವಷ್ಟರಲ್ಲಿ ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಬಿತ್ತು. ಮಳೆ ಬಿದ್ದ ಮೇಲೆ ಮೋಟುಗಳಿಂದ ಪೊರಕೆ ಕಡ್ಡಿಯಂತೆ ಚಿಗುರು ಬಂತು. ‘ನೋಡಿ, ಎಷ್ಟು ಹಸಿರು!’ ಎಂದು ನಾನೇ ಬೀಗಿದೆ. ಮುಂದಿನ ಮೇ ತಿಂಗಳ ಗಾಳಿಗೆ ಅದರಲ್ಲೇ ಒಂದು, ಅಷ್ಟರಲ್ಲಿ ತೋಳಿನಷ್ಟು ದಪ್ಪವಾಗಿದ್ದದ್ದು, ಬುಡಸಮೇತ ಕಿತ್ತುಬಂದು ಕೊಟ್ಟಿಗೆಯ ಸಿಮೆಂಟ್ ಶೀಟನ್ನು ಎರಡು ಹೋಳು ಮಾಡಿತು. ಹಸು ಆಚೆ ಕಟ್ಟಿತ್ತು, ಬದುಕಿತು. ಅಪ್ಪ ಬೈಯಲಿಲ್ಲ. ಮರ ಕಡಿಯುವವರ ನಂಬರ್ ಕೇಳಿದರು.

ಆಗ ನಾನು ಸಿವಿಲ್ ಬಿಇ ಮೊದಲ ವರ್ಷದಲ್ಲಿದ್ದೆ. ಕ್ಯಾಂಟಿಲಿವರ್ ತೊಲೆಯ ಲೆಕ್ಕ ಪರೀಕ್ಷೆಗೆ ಬಾಯಿಪಾಠವಾಗಿತ್ತು: ಭಾರ ತುದಿಗೆ ಹೋದಷ್ಟೂ ಬುಡದಲ್ಲಿ ಬಾಗಿಸುವ ಬಲ ಹೆಚ್ಚು. ಕೊಂಬೆಯೂ ಕ್ಯಾಂಟಿಲಿವರ್ ಅಲ್ಲವೇ? ಮೊದಲಿಂದ ಬೆಳೆದ ಕೊಂಬೆಯ ಬುಡ ಕಾಂಡದ ಒಳಗಿನವರೆಗೂ ಹೂತಿರುತ್ತದೆ. ಮೋಟಿನ ಚಿಗುರಿಗೆ ಹಿಡಿತವಿರುವುದು ಹೊರಪದರದಲ್ಲಿ ಮಾತ್ರ. ಹಿಪ್ಪುನೇರಳೆಯಲ್ಲಿ ನಮಗೆ ಬೇಕಾದದ್ದು ಎಲೆ, ಆ ಚಿಗುರು ದಪ್ಪವಾಗುವ ಮೊದಲೇ ಹುಳುವಿನ ಹೊಟ್ಟೆ ಸೇರುತ್ತದೆ. ಬಾಗೆಯ ಚಿಗುರು ಮಾತ್ರ ವರ್ಷಗಟ್ಟಲೆ ಗಾಳಿಯಲ್ಲಿ ತನ್ನ ಭಾರ ತಾನೇ ಹೊರಬೇಕು. ಇಷ್ಟು ಹೊಳೆಯಲು ಒಂದು ಶೀಟು ಒಡೆಯಬೇಕಾಯಿತು.

ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಗರಗಸದಿಂದ ಸೀಳಿ ನೋಡಿ ಹೇಳಿದ್ದನ್ನೂ ಓದಿದೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ. ಕೊಂಬೆ ಕಾಂಡ ಸೇರುವಲ್ಲಿ ಬಳೆಯಂತೆ ಉಬ್ಬಿದ ಸುತ್ತು ಇರುತ್ತದಲ್ಲ, ಆ ಬಳೆಯನ್ನು ಉಳಿಸಿ ಅದರ ಹೊರಗೆ ಕತ್ತರಿಸಿದರೆ ಆ ಕೆಲಸ ಸಲೀಸು. ಮೋಟು ಬಿಟ್ಟರೆ ಕೊಳೆಯುತ್ತದೆ. ಕಾಂಡಕ್ಕೆ ಸವರಿದಂತೆ ಕತ್ತರಿಸಿದರೆ ಬಳೆಯೇ ಹೋಗುತ್ತದೆ.

“ಒಂದು ವರ್ಷ ಕೊಡಿ” ಎಂದು ಅಪ್ಪನನ್ನು ಒಪ್ಪಿಸಿದೆ. ಈ ಜನವರಿಯಲ್ಲಿ ಎಲೆ ಉದುರಿ ಮರದ ಮೈಕಟ್ಟು ಕಾಣುವಾಗ ಮತ್ತೆ ಏಣಿ ಹಾಕಿದೆ. ಕೈಯಲ್ಲಿ ಮಚ್ಚಿರಲಿಲ್ಲ, ಗರಗಸವಿತ್ತು. ಪ್ರತಿ ಕೊಂಬೆಗೆ ಮೂರು ಗೀರು: ಬುಡದಿಂದ ಒಂದಡಿ ಆಚೆ ಕೆಳಗಿನಿಂದ ಅರೆ ಗೀರು, ಅದಕ್ಕಿಂತ ತುಸು ಮುಂದೆ ಮೇಲಿನಿಂದ ಪೂರ್ತಿ, ಭಾರ ಇಳಿದ ಮೇಲೆ ಬಳೆಯ ಹೊರಗೆ ಕೊನೆಯದು. ತೊಗಟೆ ಸೀಳಲಿಲ್ಲ. ಪ್ರತಿ ಮೋಟಿನಲ್ಲೂ ಗಟ್ಟಿಯಾದ ಒಂದೆರಡು ಚಿಗುರು ಉಳಿಸಿ, ಮಿಕ್ಕವನ್ನು ಕೆಲವು ತೆಗೆದೆ, ಕೆಲವು ಗಿಡ್ಡ ಮಾಡಿದೆ. ಒಂದೇ ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಮುಟ್ಟಬಾರದಂತೆ, ಹಾಗಾಗಿ ಇನ್ನೂ ಎರಡು ಜನವರಿಗಳ ಕೆಲಸ ಬಾಕಿ ಇದೆ. ಕರೆಂಟು ತಂತಿ ಕಡೆಯ ಕೊಂಬೆಗೆ ನಾನು ಕೈ ಹಾಕಲಿಲ್ಲ. ಲೈನ್‌ಮನ್ ಬಂದು ಕರೆಂಟು ತೆಗೆದು ಕತ್ತರಿಸಿಕೊಟ್ಟರು.

ಎರಡು ವರ್ಷದ ಹಿಂದೆ ಸೀಳಿದ ಜಾಗದಲ್ಲಿ ಎರಡೂ ಕಡೆಯಿಂದ ತುಟಿಯಂತೆ ಹೊಸ ತೊಗಟೆ ಬರುತ್ತಿದೆ, ನಡುವೆ ಇನ್ನೂ ನಾಲ್ಕು ಬೆರಳು ತೆರೆದಿದೆ. ಈ ಏಪ್ರಿಲ್‌ನಲ್ಲಿ ನಾನು ಮುಟ್ಟದ ಕೆಳಕೊಂಬೆಯಲ್ಲಿ ಒಂದಷ್ಟು ಹೂ ಬಿಟ್ಟಿತು. ಅಜ್ಜಿ ಮಂಚವನ್ನು ಅದರ ಕೆಳಗೆ ಹಾಕಿಸಿಕೊಂಡಿದ್ದಾರೆ. ಅಪ್ಪ ಆ ಫೋನ್ ನಂಬರನ್ನು ಇನ್ನೂ ಅಳಿಸಿಲ್ಲ.