ತಾಯಿ ಕೇಳುವ ಒಂದೇ ಪ್ರಶ್ನೆ

ಮಗನ ಕತ್ತಿಯ ಮೇಲೆ ರಕ್ತ ಅಂಟಿದೆ. ಅದು ಯಾರದ್ದೆಂದು ತಾಯಿ ಕೇಳುತ್ತಾಳೆ. ಮಗ ಕುದುರೆಯದೆನ್ನುತ್ತಾನೆ, ಬೇಟೆನಾಯಿಯದೆನ್ನುತ್ತಾನೆ, ಗಿಡುಗದ್ದೆನ್ನುತ್ತಾನೆ. ತಾಯಿ ಒಂದನ್ನೂ ನಂಬುವುದಿಲ್ಲ. ಕೊನೆಗೆ ನಿಜ ಹೊರಬರುತ್ತದೆ: ಅವನು ಕೊಂದಿರುವುದು ಒಡಹುಟ್ಟಿದವನನ್ನೇ. ಮುಂದೇನು ಮಾಡುತ್ತೀಯೆಂದರೆ ತಳವಿಲ್ಲದ ದೋಣಿಯಲ್ಲಿ ಹೋಗುತ್ತೇನೆನ್ನುತ್ತಾನೆ. ಎಂದು ಬರುತ್ತೀಯೆಂದರೆ ಎಂದೂ ನಡೆಯದ ಒಂದು ದಿನವನ್ನು ಹೇಳುತ್ತಾನೆ.

ಇದು ಸ್ಕಾಟ್ಲೆಂಡಿನ 'ಸನ್ ಡೇವಿಡ್' ಎಂಬ ಹಳೆಯ ಜನಪದ ಕಥನಗೀತೆ. ಇದೇ ಕಥೆಯ ಇನ್ನೊಂದು ಪಾಠ 'ಎಡ್ವರ್ಡ್' ಎಂಬ ಹೆಸರಿನಲ್ಲಿ 1765ರಲ್ಲೇ ಅಚ್ಚಾಗಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಸಂಗ್ರಹಿಸಿದರು. 1882ರಿಂದ 1898ರವರೆಗೆ ಪ್ರಕಟವಾದ ಆ ಸಂಗ್ರಹದಲ್ಲಿ ಇದರ ಸಂಖ್ಯೆ 13.

ಇಂಥ ಹಾಡುಗಳು ಪುಸ್ತಕದಲ್ಲಷ್ಟೇ ಉಳಿದಿವೆ ಎಂದು ಅನೇಕ ವಿದ್ವಾಂಸರು ಭಾವಿಸಿದ್ದರು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಮುಚ್ಚಿಬಿಟ್ಟಿದ್ದರು. ಆದರೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ 'ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್' ಆರಂಭವಾಯಿತು. ಅಲ್ಲಿನ ಸಂಶೋಧಕ, ಕವಿ ಹ್ಯಾಮಿಶ್ ಹೆಂಡರ್ಸನ್ 1953ರಲ್ಲಿ ಅಬರ್ಡೀನ್ ನಗರದ ಒಂದು ಮನೆಯ ಬಾಗಿಲು ತಟ್ಟಿದರು. ಅದು ಜೀನಿ ರಾಬರ್ಟ್‌ಸನ್ ಅವರ ಮನೆ.

ಜೀನಿ ಹುಟ್ಟಿದ್ದು 1908ರಲ್ಲಿ, 'ಟ್ರಾವೆಲರ್ಸ್' ಎಂಬ ಅಲೆಮಾರಿ ಸಮುದಾಯದಲ್ಲಿ. ಈ ಜನ ತಗಡಿನ ಪಾತ್ರೆ ಮಾಡುತ್ತ, ಕುದುರೆ ವ್ಯಾಪಾರ ಮಾಡುತ್ತ, ಹೊಲಗಳಲ್ಲಿ ಹಣ್ಣು ಕೀಳುತ್ತ ಊರೂರು ತಿರುಗುತ್ತಿದ್ದವರು. ಸಮಾಜ ಅವರನ್ನು ಕೀಳಾಗಿ ಕಾಣುತ್ತಿತ್ತು. ಆದರೆ ಪ್ರಾಧ್ಯಾಪಕರು ಹಳೆಯ ಕಾಗದಗಳಲ್ಲಿ ಹುಡುಕಿದ ಹಾಡುಗಳು ಅವರ ಬಾಯಲ್ಲಿ ಜೀವಂತವಾಗಿದ್ದವು. ಜೀನಿ ಹೆಚ್ಚಿನ ಹಾಡುಗಳನ್ನು ಪುಸ್ತಕದಿಂದ ಕಲಿತವರಲ್ಲ, ತಾಯಿಯಿಂದ ಕಲಿತವರು.

ಅವರ ಹಾಡಿಗೆ ವಾದ್ಯವಿಲ್ಲ, ತಾಳ ಹಿಡಿಯುವವರೂ ಇಲ್ಲ. ಧ್ವನಿ ಒಂದೇ. ನಿಧಾನವಾಗಿ, ಗಂಭೀರವಾಗಿ ಹಾಡುತ್ತಾರೆ. ಈ ಹಾಡಿನಲ್ಲಿ ಕೊಲೆಯ ವರ್ಣನೆಯೇ ಇಲ್ಲ, ಬರೀ ಪ್ರಶ್ನೆ ಮತ್ತು ಉತ್ತರ. ಪ್ರತಿ ನುಡಿಯಲ್ಲೂ ಸಂಬೋಧನೆಯ ಸಾಲು ಮರಳಿ ಬರುತ್ತದೆ. ಆಗೆಲ್ಲ ನಮಗೆ ಕಾಯಬೇಕಾಗುತ್ತದೆ. ತಾಯಿಗೆ ಉತ್ತರ ಮೊದಲೇ ಗೊತ್ತಿದೆ, ಮಗನ ಬಾಯಿಂದಲೇ ಬರಲಿ ಎಂದು ಕೇಳುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ನಮ್ಮ ಅಮ್ಮಿಯೂ ಹೀಗೇ ಕೇಳುತ್ತಾರೆ!

ಜೀನಿ ಹಾಡಿದ್ದು ಸ್ಕಾಟ್ಸ್ ನುಡಿಯಲ್ಲಿ. ಶಾಲೆಯ ಇಂಗ್ಲಿಷ್ ಅಲ್ಲ ಎಂದು ಅದನ್ನು ಒರಟು ಮಾತು ಎನ್ನುವವರಿದ್ದರು. ಮನೆಯಲ್ಲಿ ದಖ್ಖನಿ ಮಾತನಾಡುವ ನನ್ನಂಥವರಿಗೆ ಇದು ಹೊಸದಲ್ಲ. 'ಇದೆಂಥ ಉರ್ದು' ಎಂದು ನಗುವವರನ್ನು ನಾವೂ ನೋಡಿದ್ದೇವೆ. ಆದರೆ ಜೀನಿ ತಮ್ಮ ನುಡಿಯನ್ನು ತಿದ್ದಿಕೊಂಡು ಇಂಗ್ಲಿಷಿನಲ್ಲಿ ಹಾಡಿದ್ದರೆ ಈ ಹಾಡು ಹೀಗೆ ಕೇಳಿಸುತ್ತಿರಲಿಲ್ಲ.

1968ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಎಂಬಿಇ ಗೌರವ ನೀಡಿತು. 1975ರಲ್ಲಿ ಅವರು ತೀರಿಕೊಂಡರು. ಮಗಳು ಲಿಜ್ಜಿ ಹಿಗಿನ್ಸ್ ಕೂಡ ಹೆಸರಾಂತ ಗಾಯಕಿಯಾದರು. ಹೀಗೆ ತಾಯಿಯಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ಹಾಡು ದಾಟಿತು. ಹೆಂಡರ್ಸನ್ ಮತ್ತು ಅವರ ಜೊತೆಗಾರರು ಮಾಡಿದ ಧ್ವನಿಮುದ್ರಣಗಳು ಅನೇಕ ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಪದಗಳು ಅರ್ಥವಾಗದಿದ್ದರೂ ಚಿಂತೆಯಿಲ್ಲ, ಕಥೆ ಈಗ ನಿಮಗೆ ಗೊತ್ತಿದೆ. ಒಮ್ಮೆ ಕೇಳಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕುಳಿತು, ನಿಮಗೆ ಯಾವ ಹಾಡು ಬರುತ್ತದೆ ಎಂದು ಕೇಳಿ. ನಾನು ನಮ್ಮ ದಾದಿಯನ್ನು ಇದುವರೆಗೆ ಕೇಳಿರಲಿಲ್ಲ. ಈ ರಜೆಯಲ್ಲಿ ಕೇಳಬೇಕು.